ಹಳೆಯ ಸಿಂಗಲ್-ಆಕ್ಷನ್ ರಿವಾಲ್ವರ್: ಹೊಡೆಯುವುದಕ್ಕೆ ಕೊಳ್ಳುವವರ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಓದುಗರ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಹಳೆಯ ಸಿಂಗಲ್-ಆಕ್ಷನ್ ರಿವಾಲ್ವರ್ ಕೊಳ್ಳಬೇಕು, ಆದರೆ ಗಾಜಿನ ಕಪಾಟಿನಲ್ಲಿ ಇಡುವುದಕ್ಕಲ್ಲ, ರೇಂಜಿನಲ್ಲಿ ತಪ್ಪದೆ ಹೊಡೆಯುವುದಕ್ಕೆ. ಸಿಂಗಲ್-ಆಕ್ಷನ್ ಎಂದರೆ ಪ್ರತಿ ಈಡಿಗೂ ಕುದುರೆಯನ್ನು, ಅಂದರೆ ಹಿಂಬದಿಯ ಹ್ಯಾಮರನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕಾದ ರಿವಾಲ್ವರ್. ಟ್ರಿಗರ್‌ಗೆ ಕುದುರೆಯನ್ನು ಬಿಡುವ ಕೆಲಸ ಮಾತ್ರ.

ಪ್ರಶ್ನೆ: ಗ್ರೀನ್ ಕಾರ್ಡ್ ಬಂದಿದೆ. ತಿಂಗಳಿಗೆರಡು ಸಲ ಹೋಗಿ ನೂರು ನೂರು ತೋಟಾ ಹೊಡೆಯುವ ಆಸೆ. ಅಂಗಡಿಯಲ್ಲಿ ಕೋಲ್ಟ್ ಕಂಪನಿಯ ಎರಡು ರಿವಾಲ್ವರ್ ತೋರಿಸಿದರು. ಒಂದು 1880ರ ದಶಕದ್ದು, ಇನ್ನೊಂದು 1960ರ ದಶಕದ್ದು. ಹಳೆಯದರ ಮೇಲೆ ಮನಸ್ಸಾಗಿದೆ. ಕೊಳ್ಳಲೇ? — ಓದುಗರೊಬ್ಬರು, ಆಸ್ಟಿನ್, ಟೆಕ್ಸಾಸ್

ಬೇಡ. 1880ರ ದಶಕದ್ದು ಕರಿಮದ್ದಿನ ಕಾಲದ ಪಿಸ್ತೂಲು. ನೀವು ಹೇಳುವ ಲೆಕ್ಕದಲ್ಲಿ ವರ್ಷಕ್ಕೆ 2,400 ಈಡು ಆಗುತ್ತದೆ. ಆ ಕಾಲದ ಕಬ್ಬಿಣ ಅಷ್ಟನ್ನು ತಡೆಯಲಿ ಎಂದು ಕೇಳುವುದೇ ಅನ್ಯಾಯ.

ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಹೊರಬಂದದ್ದು 1873ರಲ್ಲಿ. ಅಲ್ಲಿಂದ ಎರಡನೇ ಮಹಾಯುದ್ಧದ ಹೊಸ್ತಿಲವರೆಗೆ ತಯಾರಾದವುಗಳನ್ನು ಮೊದಲ ಪೀಳಿಗೆ ಎನ್ನುತ್ತಾರೆ. 1956ರಿಂದ 1970ರ ದಶಕದ ನಡುವಿನವರೆಗಿನವು ಎರಡನೇ ಪೀಳಿಗೆ. ಇವುಗಳ ಸೀರಿಯಲ್ ಅಂಕಿಯ ಕೊನೆಗೆ ಎಸ್‌ಎ ಎಂಬ ಎರಡಕ್ಷರ ಇರುತ್ತದೆ. 1976ರಿಂದ ಬಂದದ್ದು ಮೂರನೆಯದು.

ಮೊದಲ ಪೀಳಿಗೆಯೊಳಗೇ ಒಂದು ಗಡಿ ಇದೆ, ಹೊಡೆಯುವವರು ನೋಡಬೇಕಾದದ್ದು ಅದನ್ನು. ತೋಟಾ ತುಂಬುವ ಆರು ಚೇಂಬರಿನ ಸಿಲಿಂಡರ್ ಯಾವುದರ ಮೇಲೆ ಸುತ್ತುತ್ತದೋ ಆ ಕಡ್ಡಿಗೆ ಬೇಸ್ ಪಿನ್ ಎಂದು ಹೆಸರು. ಹಳೆಯ ಫ್ರೇಮಿನಲ್ಲಿ ಅದನ್ನು ಹಿಡಿದಿಡುವುದು ಮುಂದಿನಿಂದ ಓರೆಯಾಗಿ ಹೋಗುವ ಒಂದು ಸ್ಕ್ರೂ. ಅದು ಕಂಡರೆ ಕರಿಮದ್ದಿನ ಫ್ರೇಮ್ ಎಂದೇ ತಿಳಿಯಿರಿ. 1890ರ ದಶಕದಲ್ಲಿ ಆ ಸ್ಕ್ರೂ ಹೋಗಿ, ಫ್ರೇಮಿನ ಅಡ್ಡಕ್ಕೆ ಸ್ಪ್ರಿಂಗ್ ಇರುವ ಗುಂಡಿ ಬಂತು. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಅಡ್ಡ ಗುಂಡಿ ಇದ್ದ ಮಾತ್ರಕ್ಕೆ ಅದು ಈಗಿನ ತೋಟಾಗಳಲ್ಲಿರುವ ಹೊಗೆ ಇಲ್ಲದ ಮದ್ದಿಗೆ ತಕ್ಕದ್ದು ಎಂದಾಗದು. ಆ ಮದ್ದಿಗೆ ಕೋಲ್ಟ್ ಕಂಪನಿ ಭರವಸೆ ಕೊಟ್ಟದ್ದು 1900ರ ಹೊತ್ತಿಗೆ, ಸೀರಿಯಲ್ ಸುಮಾರು 1,92,000ದಿಂದ ಮುಂದಕ್ಕೆ. ಅದಕ್ಕಿಂತ ಕೆಳಗಿನ ಅಂಕಿಯದ್ದಕ್ಕೆ ಕರಿಮದ್ದಿನ ತೋಟಾ ಮಾತ್ರ, ಅದೂ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಒಬ್ಬರು ನೋಡಿ ಒಪ್ಪಿದ ಮೇಲೆ.

ನೀವು ನೋಡಿದ ಎರಡನೇ ಪೀಳಿಗೆಯದ್ದು ನಿಮ್ಮ ಕೆಲಸಕ್ಕೆ ಸರಿಯಾದದ್ದು. ಒಂದೇ ಎಚ್ಚರಿಕೆ: ಡಬ್ಬಿ, ಕಾಗದಪತ್ರ ಸಮೇತ ಹೊಸದರಂತೆ ಹೊಳೆಯುವುದನ್ನು ಬಿಡಿ. ಅಲ್ಲಿ ನೀವು ದುಡ್ಡು ಕೊಡುವುದು ಡಬ್ಬಿಗೆ. ಮೊದಲ ದಿನ ನೀವು ಹೊಡೆಯುವ ಐವತ್ತು ಈಡಿಗೆ ಆ ಬೆಲೆಯಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಬ್ಲೂಯಿಂಗ್ ಎಂಬ ಕಪ್ಪು-ನೀಲಿ ಲೇಪ ಅಂಚುಗಳಲ್ಲಿ ಸವೆದು, ಹಿಡಿಯಲ್ಲಿ ನಾಲ್ಕು ಗೀರು ಬಿದ್ದು, ಒಳಗೆ ಗಟ್ಟಿಯಾಗಿರುವುದನ್ನು ಹುಡುಕಿ. ಹಿಂದಿನವರು ಮರುಬಣ್ಣ ಮಾಡಿಸಿದ್ದರೆ ಸಂಗ್ರಾಹಕರು ಮೂಗು ಮುರಿಯುತ್ತಾರೆ, ಬೆಲೆ ಇಳಿಯುತ್ತದೆ. ಹೊಡೆಯುವವರಿಗೆ ಅದು ಲಾಭ.

ಪ್ರಶ್ನೆ: ಕೌಂಟರಿನ ಮೇಲೆ ರಿವಾಲ್ವರ್ ಇಟ್ಟು ಹತ್ತು ನಿಮಿಷ ಕೊಡುತ್ತಾರೆ. ಆ ಹತ್ತು ನಿಮಿಷದಲ್ಲಿ ಏನೇನು ನೋಡಬೇಕು? — ಫೀನಿಕ್ಸ್‌ನ ಓದುಗರು

ಜೇಬಿನಲ್ಲಿ ಒಂದು ಫೀಲರ್ ಗೇಜ್ (ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳು), ಒಂದು ಪುಟ್ಟ ಟಾರ್ಚ್, ಒಂದು ಪೆನ್ಸಿಲ್, ನೀವು ನೋಡುವ ರಿವಾಲ್ವರಿನ ಅಳತೆಯ ಒಂದು ಬಿಡಿ ಸೀಸದ ಗುಂಡು ಇರಲಿ. ಪೆನ್ಸಿಲ್, ಗುಂಡಿನ ಪರೀಕ್ಷೆ ಮುಂದೆ ತೋಟಾದ ಪ್ರಶ್ನೆಯಲ್ಲಿದೆ. ಗುಂಡು ಎಂದರೆ ಗುಂಡು ಮಾತ್ರ, ತೋಟಾ ಅಲ್ಲ. ತೋಟಾ ಅಂಗಡಿಯೊಳಗೆ ಒಯ್ಯಲೇಬೇಡಿ.

ಮೊದಲು ಕುದುರೆಯನ್ನು ಅರ್ಧ ಕಚ್ಚಿಗೆ (ಅರ್ಧ ಹಿಂದಕ್ಕೆ ಬಂದು ನಿಲ್ಲುವ ಹಂತಕ್ಕೆ) ಎಳೆದು, ತೋಟಾ ತುಂಬುವ ಗೇಟ್ ತೆರೆದು, ಸಿಲಿಂಡರ್ ತಿರುಗಿಸಿ ಆರೂ ಚೇಂಬರ್ ಖಾಲಿ ಎಂದು ಕಣ್ಣಾರೆ ನೋಡಿ. ಅಂಗಡಿಯವರು ಆಗಲೇ ನೋಡಿದ್ದರೂ ನೀವು ಇನ್ನೊಮ್ಮೆ ನೋಡಿ.

ಆಮೇಲೆ ಕಿವಿಗೆ ಕೆಲಸ. ಸರಿಯಿರುವ ಕೋಲ್ಟ್‌ನ ಕುದುರೆ ನಿಧಾನವಾಗಿ ಎಳೆದರೆ ನಾಲ್ಕು ಸಲ ಟಿಕ್ ಎನ್ನುತ್ತದೆ: ಸೇಫ್ಟಿ ಕಚ್ಚು, ಅರ್ಧ ಕಚ್ಚು, ಬೋಲ್ಟ್ ಸಿಲಿಂಡರ್ ಮೇಲೆ ಬೀಳುವ ಸದ್ದು, ಕೊನೆಗೆ ಪೂರ್ತಿ ಕಚ್ಚು. ಬೋಲ್ಟ್ ಎಂದರೆ ಫ್ರೇಮಿನ ತಳದಿಂದ ಮೇಲೆ ಬಂದು ಸಿಲಿಂಡರಿನ ಕಚ್ಚಿನಲ್ಲಿ ಕೂತು ಅದನ್ನು ಅಲುಗದಂತೆ ಹಿಡಿಯುವ ತುಂಡು. ಈ ಹಿಡಿತವೇ ಎಲ್ಲಕ್ಕೂ ಮುಖ್ಯ. ಚೇಂಬರ್ ನಳಿಗೆಯ ನೇರಕ್ಕೆ ನಿಲ್ಲದಿದ್ದರೆ ಗುಂಡಿನ ಅಂಚು ಕೆರೆದು, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಅದು ಮೈ ಕೊಯ್ಯುವಷ್ಟು ಹರಿತ.

ಪರೀಕ್ಷೆ ಹೀಗೆ. ಎಡಗೈ ಬೆರಳಿನಿಂದ ಸಿಲಿಂಡರಿಗೆ ತುಸುವೇ ತಡೆ ಕೊಟ್ಟು, ಬಲಗೈಯಿಂದ ಕುದುರೆಯನ್ನು ತೀರ ನಿಧಾನವಾಗಿ ಎಳೆಯಿರಿ. ಕುದುರೆ ಪೂರ್ತಿ ಕಚ್ಚಿಗೆ ಬರುವ ಹೊತ್ತಿಗೆ ಬೋಲ್ಟ್ ತನ್ನ ಕಚ್ಚಿನಲ್ಲಿ ಕೂತಿರಬೇಕು. ಕುದುರೆ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಇನ್ನಷ್ಟು ತಳ್ಳಿದಾಗ ಟಿಕ್ ಎಂದು ಕೂತರೆ, ಸಿಲಿಂಡರ್ ತಿರುಗಿಸುವ ಹ್ಯಾಂಡ್ ಎಂಬ ತುಂಡು ಸವೆದು ಗಿಡ್ಡವಾಗಿದೆ. ಆರೂ ಚೇಂಬರಿಗೆ ಇದನ್ನು ಮಾಡಬೇಕು. ಐದು ಸರಿಯಿದ್ದು ಒಂದು ಹಿಂದೆ ಬಿದ್ದರೆ ಹಲ್ಲು ಸವೆದಿರುವುದು ಸಿಲಿಂಡರಿನ ಬೆನ್ನಿನಲ್ಲಿ. ಹ್ಯಾಂಡ್ ಬದಲಿಸುವುದು ಗನ್‌ಸ್ಮಿತ್‌ಗೆ ಸಲೀಸು, ಸಿಲಿಂಡರಿನ ಹಲ್ಲಿಗೆ ಮದ್ದಿಲ್ಲ.

ಈಗ ಸಿಲಿಂಡರಿನ ಮೈ ನೋಡಿ. ಪ್ರತಿ ಕಚ್ಚಿಗೂ ಮುಂಚೆ ಒಂದು ಪುಟ್ಟ ಇಳಿಜಾರು ಕೊರೆದಿರುತ್ತದೆ. ಬೋಲ್ಟ್ ಅಲ್ಲಿ ಬಿದ್ದು ಜಾರಿ ಒಳಗೆ ಹೋಗಬೇಕು. ಸಿಲಿಂಡರಿನ ಸುತ್ತಲೂ ಬಳೆಯ ಹಾಗೆ ಗೆರೆ ಕೊರೆದಿದ್ದರೆ ಬೋಲ್ಟ್ ಬೇಗ ಬೀಳುತ್ತಿದೆ, ಇಲ್ಲವೇ ಹಿಂದಿನ ಒಡೆಯರು ಕುದುರೆಯನ್ನು ಅರ್ಧ ಕಚ್ಚಿನಿಂದಲೇ ಕೆಳಗಿಳಿಸುತ್ತಿದ್ದರು. ಅರ್ಧ ಕಚ್ಚಿನಿಂದ ಯಾವಾಗಲೂ ಪೂರ್ತಿ ಹಿಂದಕ್ಕೆ ಎಳೆದೇ ಇಳಿಸಬೇಕು. ಇಲ್ಲದಿದ್ದರೆ ಬೋಲ್ಟ್ ಕಚ್ಚಿನ ಹೊರಗೇ ಉಳಿದು ಸಿಲಿಂಡರನ್ನು ಕೆರೆಯುತ್ತದೆ. ಗೆರೆಯೊಂದೇ ಇದ್ದರೆ ಹೆದರಬೇಕಿಲ್ಲ. ಕಚ್ಚಿನ ದೂರದ ಅಂಚು ಗುಂಡಗಾಗಿ, ಲೋಹ ಮೇಲೆದ್ದು ಬಂದಿದ್ದರೆ ಬೋಲ್ಟ್ ಹಾರಿಹೋಗುತ್ತಿದೆ ಎಂದರ್ಥ. ಅದನ್ನು ವಾಪಸು ಕೊಡಿ.

ಅದೇ ಕಚ್ಚಿನ ತಳವನ್ನು ಟಾರ್ಚ್ ಬಿಟ್ಟು ನೋಡಿ. ಆರು ಚೇಂಬರಿನ ಕೋಲ್ಟ್ ಸಿಲಿಂಡರಿನಲ್ಲಿ ಕಚ್ಚು ಬರುವುದು ಸರಿಯಾಗಿ ಚೇಂಬರಿನ ಬೆನ್ನ ಮೇಲೆ. .45 ಇಂಚಿನ ತೋಟಾದ ಮಾದರಿಯಲ್ಲಂತೂ ಅಲ್ಲಿ ಉಳಿಯುವ ಲೋಹ ಬಲು ತೆಳು. ಯಾರಾದರೂ ಅತಿ ಮದ್ದು ತುಂಬಿ ಹೊಡೆದಿದ್ದರೆ ಮೊದಲು ಉಬ್ಬುವುದು ಆ ಜಾಗ. ಹೊರಗೆ ಕಚ್ಚಿನ ತಳ ಸಪಾಟಾಗಿರದೆ ಉಬ್ಬಿರುತ್ತದೆ, ಚೇಂಬರಿನೊಳಗೆ ಬೆಳಕು ಹಾಯಿಸಿದರೆ ಅದೇ ಎತ್ತರದಲ್ಲಿ ಕಪ್ಪು ನೆರಳು ಕಾಣುತ್ತದೆ. ಇಂಥದ್ದಕ್ಕೆ ಎಷ್ಟು ಕಡಿಮೆ ಬೆಲೆ ಹೇಳಿದರೂ ಬೇಡ.

ಇನ್ನು ಅಳತೆ. ವರ್ಕ್‌ಷಾಪಿನಲ್ಲಿ ಥೌ ಎನ್ನುವುದು ಇಂಚಿನ ಸಾವಿರದಲ್ಲೊಂದು ಭಾಗ. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿದು, ಅದರ ಮುಖಕ್ಕೂ ನಳಿಗೆಯ ಬುಡಕ್ಕೂ ನಡುವೆ ಫೀಲರ್ ಗೇಜ್ ತೂರಿಸಿ. 4ರಿಂದ 8 ಥೌ ಇದ್ದರೆ ಒಳ್ಳೆಯದು. 3ಕ್ಕಿಂತ ಕಡಿಮೆಯಾದರೆ ಐವತ್ತು ಈಡಿನ ಮಸಿಗೇ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. 10 ದಾಟಿದರೆ ಚೌಕಾಸಿ ಮಾಡಿ ಅಥವಾ ಬಿಡಿ. ಸಿಲಿಂಡರ್ ಹಿಂದೆ ಮುಂದೆ ಆಡುವುದು 2-3 ಥೌ ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಆಡಿದರೆ ಬೇಸ್ ಪಿನ್ ಸುತ್ತ ಕೂರುವ ಬುಷಿಂಗ್ ಎಂಬ ಕೊಳವೆ ಸವೆದಿದೆ. ಹೊಸ ಬುಷಿಂಗ್ ಕೂರಿಸಿದರೆ ಸರಿಹೋಗುವ ದೋಷ ಅದು.

ಅನುಮತಿ ಕೇಳಿ ಇನ್ನೊಂದು ಪರೀಕ್ಷೆ: ಕುದುರೆಯನ್ನು ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹಿಂದಿನಿಂದ ಮುಂದಕ್ಕೆ ಹದವಾಗಿ ಒತ್ತಿ. ಅದು ಬಿದ್ದರೆ ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಕಚ್ಚನ್ನು ಅರದಿಂದ ಉಜ್ಜಿದ್ದಾರೆ. ಬಿದ್ದರೆ ಸಿಡಿಯದಂತೆ ಹೆಬ್ಬೆರಳು ಕುದುರೆಯ ಮೇಲೆಯೇ ಇರಲಿ. ಖಾಲಿ ಚೇಂಬರಿಗೆ ಟಕ್ ಟಕ್ ಎಂದು ಹೊಡೆಯುವುದು ಅಂಗಡಿಯಲ್ಲೂ ಬೇಡ, ಮನೆಯಲ್ಲೂ ಬೇಡ.

ಕೊನೆಗೆ ಸ್ಕ್ರೂ ತಲೆಗಳು. ಸೀಳು ಕಿತ್ತುಹೋಗಿದ್ದರೆ ಒಳಗೆ ತಿಳಿಯದವರ ಕೈ ಆಡಿದೆ. ಸ್ಕ್ರೂ ತೂತಿನ ಅಂಚು ತಗ್ಗಾಗಿ, ನಳಿಗೆಯ ಮೇಲಿನ ಅಕ್ಷರ ಮಸುಕಾಗಿದ್ದರೆ ಪಾಲಿಶ್ ಹೊಡೆದು ಮರುಬಣ್ಣ ಮಾಡಿದ್ದು. ಮಾರುವವರು ಅಸಲಿ ಬಣ್ಣ ಎಂದು ಬೆಲೆ ಹೇಳಿದರೆ ಇದನ್ನು ತೋರಿಸಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. 1898ಕ್ಕೆ ಮುಂಚಿನ ರಿವಾಲ್ವರಿಗೆ ಕಾನೂನು ಅನ್ವಯಿಸುವುದಿಲ್ಲ, ಕೊಳ್ಳಬಹುದು ಎಂದು ಗೆಳೆಯರು ಹೇಳುತ್ತಾರೆ. ನಿಜವೇ? — ಸಿಯಾಟಲ್‌ನಿಂದ

ಅರ್ಧ ನಿಜ, ಆ ಅರ್ಧವೇ ಅಪಾಯದ್ದು. 1898ರಲ್ಲಿ ಅಥವಾ ಅದಕ್ಕೆ ಮುಂಚೆ ತಯಾರಾದದ್ದು ಫೆಡರಲ್ ಕಾನೂನಿನಲ್ಲಿ ಆ್ಯಂಟೀಕ್. ಬಂದೂಕಿನ ವ್ಯಾಖ್ಯೆಗೆ ಬರುವುದಿಲ್ಲ. ಕೋಲ್ಟ್ ಸಿಂಗಲ್ ಆಕ್ಷನ್‌ನಲ್ಲಿ ಆ ಗೆರೆ ಸೀರಿಯಲ್ ಸುಮಾರು 1,82,000ರ ಹತ್ತಿರ ಬರುತ್ತದೆ. ಆದರೆ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅದೇ ಕಾನೂನು. ರಿವಾಲ್ವರ್ ಕಾನೂನಿನ ಹೊರಗೆ, ಅದಕ್ಕೆ ಹಾಕುವ ತೋಟಾ ಕಾನೂನಿನ ಒಳಗೆ. ಮೇಲಾಗಿ ರಾಜ್ಯಗಳ ಕಾನೂನು ಬೇರೆ ಬೇರೆ.

ಕೆಲವು ವಿನಾಯಿತಿಗಳಿವೆ. ಸಾಮಾನ್ಯರಿಗೆ ಒದಗುವುದು ಒಂದೇ: ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದಕ್ಕೂ ಇದೇ ನಿಯಮ. ಲೈಸೆನ್ಸ್ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯಿತು. ಬಂದೂಕಿನ ಮೊಕದ್ದಮೆಯಿಂದ ಗಡೀಪಾರೂ ಆಗಬಹುದು, ಮುಂದೆ ಗ್ರೀನ್ ಕಾರ್ಡಿಗೂ ಅಡ್ಡಿಯಾಗಬಹುದು. ಹಾಗಾಗಿ ಒಂದು ಪೈಸೆ ಕೊಡುವ ಮುಂಚೆ ವಲಸೆ ವಕೀಲರನ್ನು ಕೇಳಿ. ಗೆಳೆಯರ ಮಾತಿನ ಮೇಲೆ ಮಾಡುವ ಕೆಲಸ ಇದಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆಯಿಲ್ಲ. ಡೀಲರ್ ಬಳಿ 4473 ನಮೂನೆ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಕೊಳ್ಳಬಹುದು.

ಪ್ರಶ್ನೆ: ಎರಡನೇ ಪೀಳಿಗೆಯ .45 ಕೋಲ್ಟ್ ಕೊಂಡಿದ್ದೇನೆ. ಯಾವ ತೋಟಾ ಹಾಕಲಿ? ಮನೆಯಲ್ಲೇ ತುಂಬಿಸಿದ ಒಂದು ಡಬ್ಬಿ ಅಗ್ಗಕ್ಕೆ ಸಿಗುತ್ತಿದೆ, ಮೇಲೆ "ರೂಗರ್‌ಗೆ ಮಾತ್ರ" ಎಂದು ಬರೆದಿದೆ. — ಡೆನ್ವರ್‌ನಿಂದ

ಆ ಡಬ್ಬಿಯನ್ನು ಮನೆಗೇ ತರಬೇಡಿ. .45 ಕೋಲ್ಟ್ ತೋಟಾದ ಪ್ರಮಾಣಿತ ಒತ್ತಡದ ಮಿತಿ ಚದರ ಇಂಚಿಗೆ 14,000 ಪೌಂಡ್. ರೂಗರ್ ಎಂಬ ಇನ್ನೊಂದು ಕಂಪನಿಯ ಬ್ಲ್ಯಾಕ್‌ಹಾಕ್ ರಿವಾಲ್ವರಿನ ಸಿಲಿಂಡರ್ ದಪ್ಪ, ಹಾಗಾಗಿ ಅದಕ್ಕೆಂದೇ ತುಂಬಿಸುವ ತೋಟಾದಲ್ಲಿ ಒತ್ತಡ ಅದರ ಎರಡು ಪಟ್ಟಿನವರೆಗೂ ಹೋಗುತ್ತದೆ. ನೋಡುವುದಕ್ಕೆ ಎರಡೂ ಒಂದೇ, ಕೋಲ್ಟ್‌ನ ಚೇಂಬರಿಗೂ ಸಲೀಸಾಗಿ ಹೋಗಿ ಕೂರುತ್ತದೆ. ಮೇಲೆ ಹೇಳಿದ ಕಚ್ಚಿನ ಉಬ್ಬು ಬರುವುದು ಹೀಗೆಯೇ. ಇನ್ನು ಬೇರೆಯವರು ಮನೆಯಲ್ಲಿ ತುಂಬಿಸಿದ ತೋಟಾವನ್ನು, ಡಬ್ಬಿಯ ಮೇಲೆ ಏನೇ ಬರೆದಿರಲಿ, ಹೊಡೆಯಲೇಬೇಡಿ.

ನಿಮಗೆ ಬೇಕಾದದ್ದು 250 ಅಥವಾ 255 ಗ್ರೇನ್ ತೂಕದ ಸೀಸದ ಗುಂಡಿನ ಸಾದಾ ತೋಟಾ. ಕೌಬಾಯ್ ಲೋಡ್ ಎಂಬ ಹೆಸರಿನಲ್ಲಿ ಸೆಕೆಂಡಿಗೆ ಸುಮಾರು 750 ಅಡಿ ವೇಗದವು ಸಿಗುತ್ತವೆ. ಕೈಗೂ ಹಿತ, ಪಿಸ್ತೂಲಿಗೂ ಹಿತ.

ಹೊಡೆದ ಗುಂಡು ಚೆದುರುತ್ತಿದ್ದರೆ ದೋಷ ಕೈಯದ್ದೆಂದು ತೀರ್ಮಾನಿಸುವ ಮುಂಚೆ ಅಳತೆ ನೋಡಿ. ಯುದ್ಧಪೂರ್ವದ .45 ನಳಿಗೆಯ ಗ್ರೂವ್ ಅಳತೆ (ಒಳಗಿನ ಸುರುಳಿ ಗೀರುಗಳ ತಳದಿಂದ ತಳಕ್ಕೆ ಇರುವ ವ್ಯಾಸ) ಸುಮಾರು 0.454 ಇಂಚು, ಆಮೇಲಿನದ್ದು 0.451ರಿಂದ 0.452. ಚೇಂಬರಿನ ಬಾಯಿ ಇದಕ್ಕಿಂತ ಅಗಲ ಇರುವುದುಂಟು. ಸಿಲಿಂಡರ್ ಹೊರತೆಗೆದು, ಬಿಡಿ ಗುಂಡನ್ನು ಚೇಂಬರಿಗೆ ಹಾಕಿ ಪೆನ್ಸಿಲಿನಿಂದ ಮುಂದಕ್ಕೆ ತಳ್ಳಿ. ತುಸು ಬಿಗಿಯಾಗಿ, ಪೆನ್ಸಿಲಿನ ಒತ್ತಿಗೆ ಸಾಗಿದರೆ ಸರಿ. ಬಾವಿಗೆ ಕಲ್ಲು ಬಿದ್ದಂತೆ ಬಿದ್ದುಹೋದರೆ ಗುಂಡು ಸಣ್ಣದಾಯಿತು; ಮದ್ದಿನ ಬೆಂಕಿ ಅದರ ಪಕ್ಕದಿಂದ ನುಗ್ಗಿ ನಳಿಗೆಗೆಲ್ಲ ಸೀಸ ಬಳಿಯುತ್ತದೆ. ಒಂದೆರಡು ಥೌ ಹೆಚ್ಚು ದಪ್ಪದ ಗುಂಡು ತರಿಸಿ.

ಪ್ರಶ್ನೆ: ಆರು ಚೇಂಬರಿಗೆ ಐದೇ ತೋಟಾ ಹಾಕಬೇಕು ಎನ್ನುತ್ತಾರೆ. ಸೇಫ್ಟಿ ಕಚ್ಚು ಇದೆಯಲ್ಲ? — ಹ್ಯೂಸ್ಟನ್‌ನಿಂದ

ಆ ಕಚ್ಚನ್ನು ನಂಬಬೇಡಿ. ಕೋಲ್ಟ್ ಕುದುರೆಯ ಮೂತಿಯಲ್ಲೇ ಫೈರಿಂಗ್ ಪಿನ್ ಇದೆ. ಕುದುರೆ ಇಳಿದಿದ್ದರೆ ಅದು ತೋಟಾದ ಕ್ಯಾಪ್ ಮೇಲೆಯೇ ಕೂತಿರುತ್ತದೆ. ಸೇಫ್ಟಿ ಕಚ್ಚು ಅದನ್ನು ಕೂದಲೆಳೆಯಷ್ಟು ಮೇಲೆತ್ತಿ ಹಿಡಿಯುತ್ತದೆ, ಆದರೆ ಹಿಡಿದಿರುವ ತುಟಿ ತೀರ ತೆಳು. ಪಿಸ್ತೂಲು ಕೈಜಾರಿ ಕುದುರೆ ನೆಲಕ್ಕೆ ಬಡಿದರೆ ಕಚ್ಚು ಮುರಿದು ಈಡು ಹಾರುತ್ತದೆ.

ಕ್ರಮ ಹೀಗಿದೆ: ಅರ್ಧ ಕಚ್ಚು, ಗೇಟ್ ತೆರೆಯಿರಿ. ಒಂದು ತೋಟಾ ಹಾಕಿ, ಒಂದು ಚೇಂಬರ್ ಬಿಡಿ, ಸಾಲಾಗಿ ನಾಲ್ಕು ಹಾಕಿ. ಗೇಟ್ ಮುಚ್ಚಿ, ಕುದುರೆಯನ್ನು ಪೂರ್ತಿ ಎಳೆದು, ಹೆಬ್ಬೆರಳಿನ ಹಿಡಿತ ಬಿಡದೆ ಇಳಿಸಿ. ಕುದುರೆ ಖಾಲಿ ಚೇಂಬರಿನ ಮೇಲೆ ಕೂರುತ್ತದೆ. ಇಷ್ಟೂ ಹೊತ್ತು ನಳಿಗೆ ಗುರಿಯ ದಿಕ್ಕಿಗೇ ಇರಲಿ, ಕೊನೆಗೊಮ್ಮೆ ಪಕ್ಕದಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಮೊದಮೊದಲು ಎರಡು ವಾರ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ) ಹಾಕಿ ಇದನ್ನೇ ರೂಢಿ ಮಾಡಿ.

ಪ್ರಶ್ನೆ: ಕೋಲ್ಟ್ ಬೆಲೆ ನಮಗೆ ಎಟುಕದು. ರೂಗರ್‌ನ ಹಳೆಯ, ಫ್ರೇಮಿನ ಪಕ್ಕದಲ್ಲಿ ಮೂರು ಸ್ಕ್ರೂ ಇರುವ "ಮೂರು ಸ್ಕ್ರೂ" ಬ್ಲ್ಯಾಕ್‌ಹಾಕ್ ಹೇಗೆ? — ಓದುಗ ದಂಪತಿ, ಷಾರ್ಲಟ್

ಬರೀ ಹೊಡೆಯುವುದೇ ಉದ್ದೇಶವಾದರೆ ಕೋಲ್ಟ್‌ಗಿಂತ ಇದೇ ಮೇಲು. ರೂಗರ್ 1953ರಲ್ಲಿ .22ರ ಸಿಂಗಲ್-ಸಿಕ್ಸ್, 1955ರಲ್ಲಿ .357ರ ಬ್ಲ್ಯಾಕ್‌ಹಾಕ್ ತಂದಿತು. ಹೊರಗಿನ ರೂಪ ಹಳೆಯದು, ಒಳಗೆ ಮುರಿಯುವ ಪಟ್ಟಿ ಸ್ಪ್ರಿಂಗುಗಳ ಬದಲು ಸುರುಳಿ ಸ್ಪ್ರಿಂಗುಗಳು. ನಿಮ್ಮಿಬ್ಬರಿಗೆ .357 ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದರಲ್ಲಿ ಅಗ್ಗದ, ಮೆದುವಾದ .38 ಸ್ಪೆಷಲ್ ತೋಟಾವೂ ಹೊಡೆಯಬಹುದು. .38ರ ಮೈ ಗಿಡ್ಡ. ಹಾಗಾಗಿ ಚೇಂಬರಿನೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ಷಿನಿಂದ ತೆಗೆಯದೆ .357 ಹಾಕಿದರೆ ಸಿಕ್ಕಿಕೊಳ್ಳುತ್ತದೆ.

1973ಕ್ಕೆ ಮುಂಚಿನ ಈ ಮಾದರಿಗಳಿಗೂ ಐದು ತೋಟಾದ ನಿಯಮವೇ. ಆ ವರ್ಷ ರೂಗರ್ ಟ್ರಾನ್ಸ್‌ಫರ್ ಬಾರ್ ಎಂಬ ಪಟ್ಟಿ ತಂದಿತು. ಟ್ರಿಗರ್ ಎಳೆದಾಗ ಮಾತ್ರ ಅದು ಮೇಲೆದ್ದು ಕುದುರೆಯ ಪೆಟ್ಟನ್ನು ಪಿನ್‌ಗೆ ಮುಟ್ಟಿಸುತ್ತದೆ. ಹಳೆಯವಕ್ಕೂ ಕಂಪನಿ ಅದನ್ನು ಉಚಿತವಾಗಿ ಕೂರಿಸಿ, ತೆಗೆದ ಅಸಲಿ ಬಿಡಿಭಾಗಗಳನ್ನು ಪೊಟ್ಟಣದಲ್ಲಿ ವಾಪಸು ಕೊಡುತ್ತದೆ. ಸಂಗ್ರಾಹಕರು ಮಾರ್ಪಡಿಸದ್ದನ್ನೇ ಹುಡುಕುತ್ತಾರೆ, ಟ್ರಿಗರ್ ತುಸು ಒರಟಾಗುತ್ತದೆ ಎಂಬ ದೂರೂ ಇದೆ. ಮನೆಯಲ್ಲಿ ಇಬ್ಬರು ಮೂವರು ಬಳಸುವುದಾದರೆ ಮಾಡಿಸಿದ್ದನ್ನೇ ಕೊಳ್ಳಿ. ಆ ಪೊಟ್ಟಣ ಜೊತೆಗಿದೆಯೇ ಎಂದು ಮಾತ್ರ ಕೇಳಿ, ಮುಂದೆ ಮಾರುವಾಗ ಅದಕ್ಕೆ ಬೆಲೆ ಇದೆ.

ಪ್ರಶ್ನೆ: ಕೋಲ್ಟ್‌ನಲ್ಲಿ ಏನೇನು ಮುರಿಯುತ್ತದೆ? ಯಾವ ಬಿಡಿಭಾಗ ಮನೆಯಲ್ಲಿಟ್ಟಿರಬೇಕು? — ಅಟ್ಲಾಂಟಾದಿಂದ

ಎಲ್ಲಕ್ಕೂ ಮೊದಲು ಹೋಗುವುದು ಟ್ರಿಗರ್ ಮತ್ತು ಬೋಲ್ಟ್ ಎರಡನ್ನೂ ಒತ್ತುವ ಕವಲು ಸ್ಪ್ರಿಂಗ್. ಬೋಲ್ಟ್ ಕಡೆಯ ಕವಲು ಮುರಿದರೆ ಸಿಲಿಂಡರ್ ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತದೆ. ಅಂಥ ಹೊತ್ತಲ್ಲಿ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಎರಡನೆಯದು ಹ್ಯಾಂಡ್‌ನ ಪುಟ್ಟ ಪಟ್ಟಿ ಸ್ಪ್ರಿಂಗ್; ಅದು ಮುರಿದರೆ ನಳಿಗೆ ಮೇಲ್ಮುಖವಾಗಿದ್ದಾಗ ಸಿಲಿಂಡರ್ ತಿರುಗದು. ಮೂರನೆಯದು ಬೋಲ್ಟ್‌ನದ್ದೇ ಕಾಲು. ಕವಲು ಸ್ಪ್ರಿಂಗ್ ಎರಡು, ಹ್ಯಾಂಡ್ ಸ್ಪ್ರಿಂಗ್ ಸಮೇತ ಒಂದು, ಬೋಲ್ಟ್ ಒಂದು, ಸ್ಕ್ರೂಗಳ ಒಂದು ಸೆಟ್ ಇದ್ದರೆ ಸಾಕು. ಸ್ಪ್ರಿಂಗ್ ನೀವೇ ಬದಲಿಸಬಹುದು. ಹ್ಯಾಂಡ್, ಬೋಲ್ಟ್ ಎರಡನ್ನೂ ಆಯಾ ಪಿಸ್ತೂಲಿಗೆ ಅರ ಹಾಕಿ ಹೊಂದಿಸಬೇಕು, ಅದು ಗನ್‌ಸ್ಮಿತ್ ಕೆಲಸ. ತರಿಸುವಾಗ ಪೀಳಿಗೆ ಹೇಳಿ: ಮೂರನೆಯದರಲ್ಲಿ ಹ್ಯಾಂಡೂ ಬೇರೆ, ಸಿಲಿಂಡರಿನ ಹಲ್ಲೂ ಬೇರೆ.

ಮುರಿಯದೆಯೂ ತೊಂದರೆ ಕೊಡುವುದು ಸ್ಕ್ರೂ. ಪ್ರತಿ ಐವತ್ತು ಈಡಿಗೊಮ್ಮೆ, ನಳಿಗೆಯ ಪಕ್ಕದ ಎಜೆಕ್ಟರ್ ಕೊಳವೆಯ (ಖಾಲಿ ತೋಟಾ ಹೊರತಳ್ಳುವ ಕಡ್ಡಿ ಇರುವ ಕೊಳವೆ) ಸ್ಕ್ರೂ ಸಡಿಲವಾಗಿದೆಯೇ ನೋಡಿ. ಇಡೀ ಕೊಳವೆಯನ್ನು ಹಿಡಿದಿರುವುದು ಅದೊಂದೇ ಸಣ್ಣ ಸ್ಕ್ರೂ. ಸಡಿಲವಾದದ್ದನ್ನು ಗಮನಿಸದೆ ಹೊಡೆದರೆ ತಲೆ ತುಂಡಾಗಿ ಕೊಳವೆ ಮುಂದಕ್ಕೆ ಹಾರುತ್ತದೆ. ಬಿಗಿಯಲು ಮನೆಯ ಸಾದಾ ಸ್ಕ್ರೂಡ್ರೈವರ್ ಬೇಡ. ಅದರ ತುದಿ ಬೆಣೆಯಾಕಾರ, ಸೀಳನ್ನು ಕಿತ್ತುಹಾಕುತ್ತದೆ. ಎರಡು ಬದಿಯೂ ಸಮಾನಾಂತರವಾಗಿ ಅರೆದಿರುವ ಗನ್‌ಸ್ಮಿತ್ ಸ್ಕ್ರೂಡ್ರೈವರೇ ಆಗಬೇಕು.

ಪ್ರಶ್ನೆ: ಮುಂದಿನ ವರ್ಷ ಮೈಸೂರಿಗೆ ವಾಪಸಾಗುತ್ತಿದ್ದೇವೆ. ರಿವಾಲ್ವರ್ ಸಾಮಾನಿನ ಜೊತೆ ಕಳಿಸಬಹುದೇ? — ನ್ಯೂಜೆರ್ಸಿಯಿಂದ

ಹಾಗೆ ಕಳಿಸುವಂತಿಲ್ಲ. 1959ರ ಆಯುಧ ಕಾಯಿದೆಯಂತೆ ಭಾರತಕ್ಕೆ ತರುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಮೊದಲು ಕೈಯಲ್ಲಿರಬೇಕು. ಅಮೆರಿಕದಿಂದ ಹೊರಗೆ ಸಾಗಿಸುವುದಕ್ಕೂ ಅಲ್ಲಿನ ನಿಯಮಗಳಿವೆ. ಹೆಚ್ಚಿನವರಿಗೆ ಸರಿಯಾದ ದಾರಿ, ಹೊರಡುವ ಆರು ತಿಂಗಳ ಮುಂಚೆಯೇ ಲೈಸೆನ್ಸ್ ಇರುವ ಡೀಲರ್ ಮೂಲಕ ಮಾರಿಬಿಡುವುದು. ಅವಸರದಲ್ಲಿ ಮಾರಿದರೆ ಬೆಲೆ ಬಾರದು.

ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿ. ರೇಂಜಿಗೆ ಒಯ್ಯುತ್ತಿದ್ದ ಚೀಲವನ್ನು ಪ್ರಯಾಣಕ್ಕೆ ಬಳಸಬೇಡಿ. ಜಾಕೆಟ್ಟಿನ ಜೇಬು, ಕ್ಯಾಮೆರಾ ಚೀಲದ ಅಡಿ, ಮಕ್ಕಳ ಬೆನ್ನುಚೀಲ ಎಲ್ಲವನ್ನೂ ಬೋರಲು ಹಾಕಿ ಕೊಡವಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ ಮರೆತು ಉಳಿಯಿತು ಎಂಬ ಮಾತಿಗೆ ಅಲ್ಲೇ ಬಿಟ್ಟು ಕಳಿಸುವುದಿಲ್ಲ, ಪೊಲೀಸ್ ಠಾಣೆಗೆ ಹೋಗಿ ವಿವರಣೆ ಕೊಡಬೇಕಾಗುತ್ತದೆ.